ನೇತ್ರದಾನ: ಬೀರುವಿನಲ್ಲಿಟ್ಟ ಕಾರ್ಡು ಮತ್ತು ಆ ಆರು ಗಂಟೆ

ದೊಡ್ಡಪ್ಪನ ತಿಥಿ ಊಟ ಮುಗಿದಿತ್ತು. ನೆಂಟರು ಒಬ್ಬೊಬ್ಬರಾಗಿ ಬಸ್ ಹತ್ತಿದ ಮೇಲೆ ಪಿಂಚಣಿ ಪಾಸ್‌ಬುಕ್ ಹುಡುಕೋಣ ಅಂತ ಬೀರು ತೆಗೆದೆವು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎಲ್‌ಐಸಿ ಬಾಂಡು, ಜಮೀನಿನ ಪಹಣಿ, ಅದರ ನಡುವೆ ಬಸ್ ಪಾಸಿನಷ್ಟು ಅಗಲದ ಒಂದು ಹಳೇ ಕಾರ್ಡು. ನಾನು ಸತ್ತ ಮೇಲೆ ನನ್ನ ಕಣ್ಣುಗಳನ್ನು ದಾನ ಮಾಡಿ ಅಂತ ಅದರಲ್ಲಿ ಅಚ್ಚಾಗಿತ್ತು. ಕೆಳಗೆ ದೊಡ್ಡಪ್ಪನ ಗುಂಡಗಿನ ಸಹಿ.

ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ರಾಜ್‌ಕುಮಾರ್ ತೀರ್ಕೊಂಡ್ರಲ್ಲ, ಆ ವರ್ಷ ಬಸ್‌ಸ್ಟ್ಯಾಂಡ್ ಹತ್ರ ಕ್ಯಾಂಪ್ ಹಾಕಿದ್ರು ಕಣೋ, ಅಲ್ಲಿ ಬರೆಸಿ ಬಂದಿದ್ರು. ನಂಗೂ ಮರ್ತೇ ಹೋಗಿತ್ತು" ಅಂದರು.

ಕಾರ್ಡು ಇತ್ತು. ಕೊಡುವ ಮನಸ್ಸೂ ಇತ್ತು. ಆ ರಾತ್ರಿ ಒಂದು ಫೋನ್ ಮಾಡಬೇಕಿತ್ತು, ಅದನ್ನು ಯಾರೂ ಮಾಡಲಿಲ್ಲ. ಅಷ್ಟೇ.

ಆಗಸ್ಟ್ ಕೊನೆ ಬಂತೆಂದರೆ ನೇತ್ರದಾನದ ಬ್ಯಾನರುಗಳು ಮತ್ತೆ ಕಾಣುತ್ತವೆ. ಜಾಥಾ ಹೊರಡುತ್ತದೆ, ಫಾರ್ಮ್ ಹಂಚುತ್ತಾರೆ. ಆದರೆ ಕಣ್ಣು ಕೊಡುವುದು ಅಂದರೆ ನಿಜವಾಗಿ ಏನು, ಯಾವಾಗ, ಯಾರಿಗೆ ಫೋನ್ ಮಾಡಬೇಕು ಅನ್ನುವುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಅದನ್ನೇ ಇಲ್ಲಿ ಬುಡದಿಂದ ನೋಡೋಣ.

ಈ ಹದಿನೈದು ದಿನ ಯಾಕೆ?

ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನಮ್ಮ ದೇಶದಲ್ಲಿ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ ನಡೆಯುತ್ತದೆ. ಪಾಕ್ಷಿಕ ಅಂದರೆ ಒಂದು ಪಕ್ಷದ, ಅಂದರೆ ಹದಿನೈದು ದಿನದ ಕಾರ್ಯಕ್ರಮ. ಇದು ಶುರುವಾಗಿದ್ದು 1985ರಲ್ಲಿ. ಡಿಸೆಂಬರ್ 1 ಏಡ್ಸ್ ದಿನ, ಮಾರ್ಚ್ 24 ಕ್ಷಯರೋಗ ದಿನ, ಅಕ್ಟೋಬರ್ ತಿಂಗಳ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಇದೂ ಅಂಥದ್ದೇ ಒಂದು, ಆದರೆ ಸ್ವಲ್ಪ ಉದ್ದದ್ದು.

ಇಂಥ ದಿನಗಳು ಬೇಕಾ, ಬರೀ ಫೋಟೋಗೆ ತಾನೇ ಅಂತ ಕೇಳುವವರಿದ್ದಾರೆ. ಕೆಲವು ಕಡೆ ಫೋಟೋಗೇ ಮುಗಿಯುತ್ತದೆ, ನಿಜ. ಆದರೆ ನೇತ್ರದಾನದ ವಿಷಯದಲ್ಲಿ ಒಂದು ವಿಶೇಷ ತೊಂದರೆ ಇದೆ. ಇದು ಸಾವಿನ ಮಾತು. ಊಟಕ್ಕೆ ಕೂತಾಗ "ಅಪ್ಪಾ, ನೀವು ಹೋದ ಮೇಲೆ..." ಅಂತ ಶುರು ಮಾಡಿ ನೋಡಿ. "ಬಿಡ್ತು ಅನ್ನು" ಅಂತ ಒಳಗಿನಿಂದ ಅಮ್ಮನ ಕೂಗು ಬರುತ್ತದೆ. ಪೇಪರಿನಲ್ಲಿ ಬಂದಿದೆ, ಶಾಲೆಯಲ್ಲಿ ಮಗಳಿಗೆ ಹೇಳಿದ್ದಾರೆ, ಊರಲ್ಲಿ ಜಾಥಾ ಇದೆ ಅನ್ನುವ ನೆಪ ಸಿಕ್ಕಾಗ ಮಾತ್ರ ಈ ಮಾತು ಮನೆಯೊಳಗೆ ಸಲೀಸಾಗಿ ಬರುತ್ತದೆ. ಪಾಕ್ಷಿಕ ಕೊಡುವುದು ಆ ನೆಪವನ್ನು.

ಕಣ್ಣಿನಲ್ಲಿ ಯಾವ ಭಾಗ ಇನ್ನೊಬ್ಬರಿಗೆ ಹೋಗುತ್ತದೆ?

ನೇತ್ರದಾನ ಅಂದ ತಕ್ಷಣ ಇಡೀ ಕಣ್ಣುಗುಡ್ಡೆಯನ್ನು ತೆಗೆದು ಇನ್ನೊಬ್ಬರಿಗೆ ಕೂರಿಸುತ್ತಾರೆ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇಡೀ ಕಣ್ಣನ್ನು ಬದಲಿಸಿ ನೋಟ ಕೊಡುವ ವಿದ್ಯೆ ಇನ್ನೂ ವೈದ್ಯರ ಕೈಗೆ ಬಂದಿಲ್ಲ. ಕಸಿ ಮಾಡುವುದು ಕಾರ್ನಿಯಾ ಅನ್ನುವ ಒಂದು ಚಿಕ್ಕ ಭಾಗವನ್ನು.

ನಿಮ್ಮ ಮೊಬೈಲ್ ಹಿಂದಿನ ಕ್ಯಾಮೆರಾ ನೋಡಿ. ಎಲ್ಲಕ್ಕಿಂತ ಮುಂದೆ ಒಂದು ಪುಟ್ಟ ಗಾಜು ಇರುತ್ತದೆ. ಅದರ ಹಿಂದೆ ಲೆನ್ಸು, ಅದರ ಹಿಂದೆ ಚಿತ್ರ ಹಿಡಿಯುವ ಸೆನ್ಸರ್, ಅಲ್ಲಿಂದ ಒಳಗೆ ವೈರು. ಕಣ್ಣಿನಲ್ಲೂ ಇದೇ ಸಾಲು. ಮುಂದಿನ ಗಾಜು ಕಾರ್ನಿಯಾ, ಆಮೇಲೆ ಲೆನ್ಸು, ಹಿಂಭಾಗದ ಪರದೆ ರೆಟಿನಾ, ಮಿದುಳಿಗೆ ಹೋಗುವ ನರವೇ ವೈರು. ಮುಂದಿನ ಗಾಜು ಗೀಚಿ ಮಸುಕಾಗಿದ್ದರೆ ಗಾಜು ಬದಲಿಸಿದರೆ ಸಾಕು, ಫೋಟೋ ಮತ್ತೆ ಚೆನ್ನಾಗಿ ಬರುತ್ತದೆ. ಸೆನ್ಸರೋ ವೈರೋ ಹಾಳಾಗಿದ್ದರೆ ಗಾಜು ಬದಲಿಸಿ ಪ್ರಯೋಜನ ಇಲ್ಲ. ಅದಕ್ಕೇ ಗ್ಲಾಕೋಮಾದಿಂದ ನರ ಹೋದವರಿಗೆ, ಸಕ್ಕರೆ ಕಾಯಿಲೆಯಿಂದ ರೆಟಿನಾ ಹಾಳಾದವರಿಗೆ ದಾನದ ಕಣ್ಣಿನಿಂದ ನೋಟ ಬರುವುದಿಲ್ಲ. ಪೊರೆ ಬಂದವರಿಗೂ ದಾನದ ಕಣ್ಣು ಬೇಕಿಲ್ಲ. ಪೊರೆ ಅಂದರೆ ಒಳಗಿನ ಲೆನ್ಸು ಮಬ್ಬಾಗುವುದು, ಅದನ್ನು ತೆಗೆದು ಕೃತಕ ಲೆನ್ಸು ಹಾಕುತ್ತಾರೆ.

ಕಾರ್ನಿಯಾ ಅಡ್ಡಕ್ಕೆ ಸುಮಾರು 11-12 ಮಿಲಿಮೀಟರ್. ನಡುವೆ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಕೈಗಡಿಯಾರದ ಗಾಜಿನ ಹಾಗೆ ಸ್ವಲ್ಪ ಉಬ್ಬಿರುತ್ತದೆ, ಪೂರ್ತಿ ಪಾರದರ್ಶಕ. ಕಣ್ಣಿನ ಕಪ್ಪು, ಕಂದು ಬಣ್ಣ ಅದರದ್ದಲ್ಲ, ಅದರ ಹಿಂದಿರುವ ಐರಿಸ್‌ನದ್ದು. ಹಾಗಾಗಿ ಕಸಿ ಆದವರ ಕಣ್ಣಿನ ಬಣ್ಣ ಬದಲಾಗುವುದಿಲ್ಲ.

ಇದರ ಇನ್ನೊಂದು ಗುಣ ನನಗೆ ಈಗಲೂ ಆಶ್ಚರ್ಯ. ಆರೋಗ್ಯವಾಗಿರುವ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಕೆಂಪು ಜಾಲರಿಯ ಹಿಂದಿನಿಂದ ಜಗತ್ತನ್ನು ನೋಡಬೇಕಿತ್ತು. ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಹೊರಗಿನ ಗಾಳಿಯಿಂದಲೇ, ಕಣ್ಣೀರಿನ ಮೂಲಕ ಸಿಗುತ್ತದೆ. ರಕ್ತದ ಸಂಪರ್ಕ ಇಲ್ಲದ್ದರಿಂದ ಸಾಮಾನ್ಯವಾಗಿ ಬ್ಲಡ್ ಗ್ರೂಪ್ ಹೊಂದಿಸಬೇಕಾಗಿಲ್ಲ. ಕಿಡ್ನಿ ಕಸಿಗೆ ಹೋಲಿಸಿದರೆ ದೇಹ ಇದನ್ನು ತಿರಸ್ಕರಿಸುವುದೂ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಕಸಿ ಆದವರು ಬಹಳ ಕಾಲ ಡ್ರಾಪ್ಸ್ ಹಾಕಿಕೊಳ್ಳಬೇಕು, ಕಣ್ಣು ಕೆಂಪಾದರೆ ಅಥವಾ ಮಬ್ಬಾದರೆ ಕೂಡಲೇ ವೈದ್ಯರ ಹತ್ತಿರ ಓಡಬೇಕು.

ಗಾಜು ಮಸುಕಾಗುವುದು ಹೇಗೆ?

ಹಳ್ಳಿ ಕಡೆ "ಕಣ್ಣಲ್ಲಿ ಹೂವು ಬಿದ್ದಿದೆ" ಅನ್ನುತ್ತಾರಲ್ಲ, ಆ ಬಿಳಿ ಕಲೆ ಇರುವುದು ಕಾರ್ನಿಯಾದ ಮೇಲೆ. 2015-19ರಲ್ಲಿ ಕೇಂದ್ರ ಸರ್ಕಾರ ನಡೆಸಿದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರಲ್ಲಿ ಕುರುಡುತನಕ್ಕೆ ಮೊದಲ ಕಾರಣ ಪೊರೆ, ಎರಡನೆಯದು ಕಾರ್ನಿಯಾ ಮಸುಕಾಗುವುದು. 50ಕ್ಕಿಂತ ಕೆಳಗಿನವರಲ್ಲಿ ಕಾರ್ನಿಯಾದ್ದೇ ಮೊದಲ ಸ್ಥಾನ, ಶೇಕಡ 37.5. ಅಂದರೆ ಇದು ದುಡಿಯುವ ವಯಸ್ಸಿನವರ ಕಾಯಿಲೆ.

ದುಡಿಮೆಯಿಂದಲೇ ಬರುವುದೂ ಉಂಟು. ಭತ್ತ ಬಡಿಯುವಾಗ ಹಾರಿದ ಹೊಟ್ಟು, ಕಬ್ಬು ಕಡಿಯುವಾಗ ಸೀಳಿದ ಗರಿ, ವೆಲ್ಡಿಂಗ್ ಕಿಡಿ. ಗಾಯ ಚಿಕ್ಕದೇ. ಆದರೆ ಗಿಡದ ಚೂರಿನ ಜೊತೆ ಬೂಷ್ಟು ಒಳಗೆ ಸೇರಿದರೆ ಹುಣ್ಣಾಗುತ್ತದೆ. ಅದಕ್ಕೆ ಯಾರೋ ಹೇಳಿದ ಸೊಪ್ಪಿನ ರಸವೋ ಎದೆಹಾಲೋ ಬಿಟ್ಟರೆ ಇನ್ನೂ ಕೆಡುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಕೊಂಡ ಸ್ಟೀರಾಯ್ಡ್ ಡ್ರಾಪ್ಸ್ ಅದಕ್ಕಿಂತ ಕೆಟ್ಟದ್ದು. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಬೂಷ್ಟು ಬೆಳೆಯುತ್ತಿರುತ್ತದೆ.

ಮಕ್ಕಳಲ್ಲಿ ವಿಟಮಿನ್ ಎ ಕೊರತೆಯಾದರೂ ಕಾರ್ನಿಯಾ ಒಣಗಿ ಕರಗಬಹುದು. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಆಶಾ ಕಾರ್ಯಕರ್ತೆ, ನರ್ಸಮ್ಮ ಕುಡಿಸುವ ವಿಟಮಿನ್ ಎ ಔಷಧ ಇದಕ್ಕೇ. ಒಟ್ಟು ಒಂಬತ್ತು ಸಲ. ಸುಮ್ನೆ ಕೊಡುವುದಲ್ಲ ಅದು.

ಇನ್ನೊಂದು ಸುಣ್ಣ. ಎಲೆ ಅಡಿಕೆ ಹಾಕುವ ಮನೆಗಳಲ್ಲಿ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಕ್ಕಿ, ಹಿಸುಕಿದಾಗ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಕಾರ್ನಿಯಾವನ್ನು ಸುಡುತ್ತದೆ. ತಕ್ಷಣ ನಲ್ಲಿ ಕೆಳಗೆ ಹಿಡಿದು, ರೆಪ್ಪೆ ಬಿಡಿಸಿ, ಕಡಿಮೆ ಅಂದರೂ ಹದಿನೈದು ಇಪ್ಪತ್ತು ನಿಮಿಷ ನೀರು ಬಿಡಬೇಕು. ಆಮೇಲೆ ಆಸ್ಪತ್ರೆ. ಜಗತ್ತಿನಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಮನುಷ್ಯರ ಕಾರ್ನಿಯಾ ಕಸಿ ಆಗಿದ್ದೂ ಸುಣ್ಣದಿಂದ ಕಣ್ಣು ಸುಟ್ಟುಕೊಂಡ ಒಬ್ಬ ಕೂಲಿಕಾರನಿಗೆ. 1905ರ ಡಿಸೆಂಬರಿನಲ್ಲಿ, ಈಗಿನ ಜೆಕ್ ದೇಶದ ಒಲೊಮೌಟ್ಸ್ ಊರಿನಲ್ಲಿ, ಎಡ್ವರ್ಡ್ ಜಿರ್ಮ್ ಅನ್ನುವ ವೈದ್ಯರು ಅದನ್ನು ಮಾಡಿದರು. ನಮ್ಮ ದೇಶದ ಮೊದಲ ನೇತ್ರ ಬ್ಯಾಂಕು ಮದರಾಸಿನಲ್ಲಿ 1945ರಲ್ಲಿ ಬಂತು.

ಎರಡು ಕಣ್ಣು, ನಾಲ್ಕು ಜನ

ಕನ್ನಡಿಗರಿಗೆ ನೇತ್ರದಾನ ಅಂದರೆ ಒಂದು ಮನೆಯ ನೆನಪು ಬಂದೇ ಬರುತ್ತದೆ. ಕಣ್ಣು ಕಿತ್ತು ಶಿವನಿಗೆ ಕೊಟ್ಟ ಕಣ್ಣಪ್ಪನ ಪಾತ್ರದಿಂದ ಹೆಸರಾದ ರಾಜ್‌ಕುಮಾರ್, 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗ ತಮ್ಮ ಕಣ್ಣು ಕೊಡುವುದಾಗಿ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಮನೆಯವರು ಆ ಮಾತು ಉಳಿಸಿದರು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ ದಾನವಾದವು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ಪುನೀತ್ ಹೋದಾಗ, ಆ ಗದ್ದಲ, ಆ ದುಃಖದ ನಡುವೆಯೂ ಮನೆಯವರು ಇದನ್ನು ಮರೆಯಲಿಲ್ಲ.

ಪುನೀತ್ ಕಣ್ಣುಗಳಿಂದ ನಾಲ್ಕು ಜನರಿಗೆ ನೋಟ ಬಂತು ಅಂತ ಸುದ್ದಿ ಬಂದಾಗ "ಎರಡು ಕಣ್ಣು ನಾಲ್ವರಿಗೆ ಹೇಗೆ?" ಅಂತ ಹೋಟೆಲಿನಲ್ಲಿ, ಸಲೂನಿನಲ್ಲಿ ಎಲ್ಲಾ ಕಡೆ ಚರ್ಚೆ. ಉಬ್ಬಿದ ಪೂರಿಯನ್ನು ಚುಚ್ಚಿ ಮೇಲಿನ ಪದರ, ಕೆಳಗಿನ ಪದರ ಬೇರೆ ಬೇರೆ ಬಿಡಿಸುತ್ತೀವಲ್ಲ, ಸುಮಾರು ಹಾಗೇ. ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾದಲ್ಲೂ ಪದರಗಳಿವೆ. ಕೆಲವರಿಗೆ ಮುಂದಿನ ಪದರ ಮಾತ್ರ ಕೆಟ್ಟಿರುತ್ತದೆ, ಗಾಯದ ಕಲೆಯಿಂದಲೋ, ಕಾರ್ನಿಯಾ ಮೊನೆಯಾಗಿ ಮುಂದೆ ಚಾಚುವ ಕಾಯಿಲೆಯಿಂದಲೋ. ಇನ್ನು ಕೆಲವರಿಗೆ ಮುಂದಿನದು ಚೆನ್ನಾಗಿರುತ್ತದೆ, ಹಿಂದಿನ ತೆಳು ಪದರ ಸೋತಿರುತ್ತದೆ. ಆ ಹಿಂದಿನ ಪದರದ ಜೀವಕೋಶಗಳು ಪಂಪ್‌ಸೆಟ್ ಇದ್ದ ಹಾಗೆ. ಕಾರ್ನಿಯಾದೊಳಗೆ ಸೇರುವ ನೀರನ್ನು ಹೊರಗೆ ಹಾಕುತ್ತಲೇ ಇರುತ್ತವೆ. ಪಂಪು ನಿಂತರೆ ಕಾರ್ನಿಯಾ ನೀರು ಕುಡಿದು ಊದಿಕೊಂಡು ಮಬ್ಬಾಗುತ್ತದೆ. ಯಾರಿಗೆ ಯಾವ ಪದರ ಬೇಕೋ ಅದನ್ನಷ್ಟೇ ಹಾಕಿದರೆ ಒಂದು ಕಾರ್ನಿಯಾ ಇಬ್ಬರಿಗೆ ಆಗುತ್ತದೆ. ಪುನೀತ್ ಅವರ ಎರಡು ಕಾರ್ನಿಯಾಗಳ ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇನ್ನಿಬ್ಬರಿಗೆ ಹೋಯಿತು.

ಎಲ್ಲರ ಕಣ್ಣೂ ನಾಲ್ವರಿಗೆ ಆಗುತ್ತದೆ ಅಂತಲ್ಲ. ಕಾರ್ನಿಯಾ ಎಷ್ಟು ಚೆನ್ನಾಗಿದೆ, ಆ ಹೊತ್ತಿಗೆ ಯಾವ ರೋಗಿಗಳು ಕಾಯುತ್ತಿದ್ದಾರೆ ಅನ್ನುವುದರ ಮೇಲೆ ವೈದ್ಯರು ತೀರ್ಮಾನಿಸುತ್ತಾರೆ. ಇಬ್ಬರಿಗೆ ಆದರೂ ಕಡಿಮೆಯೇನಲ್ಲ.

ಆರು ಗಂಟೆಯ ಲೆಕ್ಕ

ಕಣ್ಣನ್ನು ಸಾವಾದ ಆರು ಗಂಟೆಯೊಳಗೆ ತೆಗೆಯಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಕಾರಣ ಆ ಪಂಪ್‌ಸೆಟ್ ಕೋಶಗಳೇ. ಚರ್ಮ ಗಾಯವಾದರೆ ಹೊಸದು ಬೆಳೆಯುತ್ತದೆ, ಈ ಕೋಶಗಳು ಹಾಗೆ ಹೊಸದಾಗಿ ಹುಟ್ಟುವುದಿಲ್ಲ. ಸಾವಿನ ನಂತರ ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ರೆಪ್ಪೆ ಅರೆ ತೆರೆದಿದ್ದರೆ ಮೇಲ್ಭಾಗವೂ ಒಣಗಿ ಹಾಳಾಗುತ್ತದೆ.

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ನಮ್ಮ ಎದುರು ಮನೆಯ ಅಜ್ಜಿ ರಾತ್ರಿ ಹತ್ತೂವರೆಗೆ ಮನೆಯಲ್ಲೇ ತೀರಿಕೊಂಡರು. ವಯಸ್ಸು 81. ದೊಡ್ಡಪ್ಪನ ಕಾರ್ಡಿನ ಕತೆ ನಮ್ಮ ಬೀದಿಗೆಲ್ಲಾ ಗೊತ್ತಿತ್ತು. ಅಜ್ಜಿಯ ಮಗನೇ ಬಂದು "ಏನಪ್ಪಾ ಮಾಡ್ಬೇಕು ಈಗ?" ಅಂದರು. ನೇತ್ರ ಬ್ಯಾಂಕಿಗೆ ಫೋನ್ ಮಾಡಿದೆವು. ಆ ಕಡೆಯವರು ಮೊದಲು ಕೇಳಿದ್ದು ವಯಸ್ಸು, ಸಾವಾದ ಸಮಯ, ಕಾರಣ, ವಿಳಾಸ. ಆಮೇಲೆ ನಾವು ಬರುವವರೆಗೆ ಇಷ್ಟು ಮಾಡಿ ಅಂತ ಹೇಳಿದರು. ಕಣ್ಣು ಮುಚ್ಚಿ. ರೆಪ್ಪೆ ಮೇಲೆ ಶುದ್ಧ ನೀರಿನಲ್ಲಿ ಅದ್ದಿದ ಹತ್ತಿ ಇಡಿ. ತಲೆ ಕೆಳಗೆ ದಿಂಬು ಕೊಟ್ಟು ಅರ್ಧ ಅಡಿ ಎತ್ತರಿಸಿ, ಕಣ್ಣಿನ ಸುತ್ತ ರಕ್ತ ಸೇರಬಾರದು. ಫ್ಯಾನ್ ಆಫ್ ಮಾಡಿ. ಎಸಿ ಇದ್ದರೆ ಹಾಕಬಹುದು.

ಕಷ್ಟ ಆಗಿದ್ದು ಈ ಫ್ಯಾನಿನದ್ದೇ. ಏಪ್ರಿಲ್ ಸೆಖೆ, ಹಾಲಿನಲ್ಲಿ ಮೂವತ್ತು ಜನ, ಅಳುವವರು, ಬೆವರುವವರು. ನಾನು ಹೋಗಿ ಸ್ವಿಚ್ ಆಫ್ ಮಾಡಿದೆ. ಯಾರೋ ಆನ್ ಮಾಡಿದರು. ಮತ್ತೆ ಆಫ್ ಮಾಡಿದೆ. ಹಿರಿಯರೊಬ್ಬರು "ಏನೋ ಇದು ನಿನ್ ತಮಾಷೆ?" ಅಂತ ಗದರಿದರು. ಕೊನೆಗೆ ಅಜ್ಜಿಯ ಸೊಸೆ ಎದ್ದು ನಿಂತು "ಅತ್ತೆ ಕಣ್ಣು ಕೊಡ್ತಿದೀವಿ, ಒಣಗಬಾರ್ದು, ಎಲ್ರೂ ಸ್ವಲ್ಪ ಹೊರಗೆ ಕೂತ್ಕೊಳಿ" ಅಂದ ಮೇಲೆ ಸ್ವಿಚ್ಚಿನ ಹತ್ತಿರ ಯಾರೂ ಹೋಗಲಿಲ್ಲ.

ಹನ್ನೆರಡೂ ಕಾಲಿಗೆ ಇಬ್ಬರು ಬಂದರು. ಪೋಲಿಯೋ ಹನಿ ತರುವ ಡಬ್ಬಿಯಂಥ ಒಂದು ಐಸ್ ಬಾಕ್ಸು, ಒಂದು ಬ್ಯಾಗು. ಮಗನಿಂದ ಒಪ್ಪಿಗೆ ಪತ್ರಕ್ಕೆ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಸಾವನ್ನು ಖಚಿತಪಡಿಸಿ ಬೀದಿಯ ಡಾಕ್ಟರು ಬರೆದುಕೊಟ್ಟ ಚೀಟಿಯ ಫೋಟೋ ತೆಗೆದುಕೊಂಡರು. ಬಾಗಿಲು ಹಾಕಿ ಇಪ್ಪತ್ತು ನಿಮಿಷ. ಸೋಂಕಿನ ಪರೀಕ್ಷೆಗೆ ಅಂತ ಸ್ವಲ್ಪ ರಕ್ತವನ್ನೂ ತೆಗೆದರು. ಬಾಗಿಲು ತೆಗೆದಾಗ ಅಜ್ಜಿ ಮೊದಲು ಹೇಗಿದ್ದರೋ ಹಾಗೇ ಇದ್ದರು, ನಿದ್ದೆ ಹೋದ ಹಾಗೆ. ಈಗ ಬಹುತೇಕ ಕಡೆ ಕಾರ್ನಿಯಾವನ್ನೂ ಅದರ ಸುತ್ತ ಅಂಚಿನಷ್ಟು ಬಿಳಿ ಭಾಗವನ್ನೂ ಮಾತ್ರ ತೆಗೆಯುತ್ತಾರೆ. ಆ ಜಾಗಕ್ಕೆ ಪ್ಲಾಸ್ಟಿಕ್ಕಿನ ಪುಟ್ಟ ಮುಚ್ಚಳ ಇಟ್ಟು ರೆಪ್ಪೆ ಮುಚ್ಚುತ್ತಾರೆ. ಕುಣಿಯೂ ಕಾಣುವುದಿಲ್ಲ, ಗಾಯವೂ ಕಾಣುವುದಿಲ್ಲ. ಸೊಸೆ ಹಣೆಗೆ ವಿಭೂತಿ ಹಚ್ಚಿದರು. ಬೆಳಿಗ್ಗೆ ಕಾರ್ಯ ನಡೆಯಿತು, ಒಂದು ನಿಮಿಷವೂ ತಡ ಆಗಲಿಲ್ಲ. ದುಡ್ಡು ಯಾರೂ ಕೇಳಲಿಲ್ಲ, ಕೇಳುವ ಹಾಗೂ ಇಲ್ಲ.

ಬ್ಯಾಂಕಿಗೆ ಹೋದ ಕಾರ್ನಿಯಾವನ್ನು ವಿಶೇಷ ದ್ರಾವಣದಲ್ಲಿ ಹಾಕಿ ಫ್ರಿಜ್ಜಿನ ತಣ್ಣಗೆ ಇಡುತ್ತಾರೆ. ದ್ರಾವಣ ಯಾವುದು ಅನ್ನುವುದರ ಮೇಲೆ ನಾಲ್ಕು ದಿನದಿಂದ ಎರಡು ವಾರದವರೆಗೆ ಇಡಬಹುದು. ಸೂಕ್ಷ್ಮದರ್ಶಕದಲ್ಲಿ ಪಂಪ್ ಕೋಶಗಳನ್ನು ಎಣಿಸುತ್ತಾರೆ. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಇದೆಯಾ ನೋಡುತ್ತಾರೆ. ಎಲ್ಲಾ ಸರಿ ಇದ್ದರೆ ಕಾಯುವ ಪಟ್ಟಿಯಲ್ಲಿರುವವರಿಗೆ ಕಸಿ. ಕಸಿಗೆ ಆಗದಿದ್ದರೆ ವೈದ್ಯರ ತರಬೇತಿಗೆ, ಸಂಶೋಧನೆಗೆ ಬಳಸುತ್ತಾರೆ. ಯಾರಿಗೆ ಹೋಯಿತು ಅಂತ ಕೊಟ್ಟವರಿಗೆ ಹೇಳುವುದಿಲ್ಲ, ಯಾರದ್ದು ಅಂತ ಪಡೆದವರಿಗೂ ಹೇಳುವುದಿಲ್ಲ.

ಯಾರು ಕೊಡಬಹುದು?

ಮಗುವಿನಿಂದ ಮುದುಕರವರೆಗೆ ಯಾರು ಬೇಕಾದರೂ. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು, ಬಿಪಿ, ಶುಗರ್, ಅಸ್ತಮಾ ಇರುವವರು ಎಲ್ಲರೂ ಕೊಡಬಹುದು. ರೆಟಿನಾ ಹಾಳಾಗಿ ನೋಟವೇ ಇಲ್ಲದವರ ಕಾರ್ನಿಯಾ ಕೂಡ ಚೆನ್ನಾಗಿರಬಹುದು. ತಾನು ಕಾಣದೆ ಬದುಕಿದವರು ಇನ್ನೊಬ್ಬರಿಗೆ ನೋಟ ಕೊಡಬಹುದು ಅನ್ನುವುದನ್ನು ನಂಬಲು ನನಗೂ ಹೊತ್ತು ಹಿಡಿಯಿತು.

ಏಡ್ಸ್, ಹೆಪಟೈಟಿಸ್ ಬಿ ಅಥವಾ ಸಿ, ರೇಬೀಸ್, ಮಿದುಳು ಜ್ವರ, ರಕ್ತದಲ್ಲಿ ಹರಡಿದ ಸೋಂಕು, ರಕ್ತದ ಕ್ಯಾನ್ಸರ್, ಇಂಥವುಗಳಿಂದ ತೀರಿಕೊಂಡವರ ಕಣ್ಣು ತೆಗೆದುಕೊಳ್ಳುವುದಿಲ್ಲ. ಸಾವಿನ ಕಾರಣವೇ ಗೊತ್ತಿಲ್ಲದಿದ್ದರೂ ಬೇಡ ಅನ್ನುತ್ತಾರೆ. ಇದನ್ನೆಲ್ಲ ಮನೆಯವರು ತಲೆ ಕೆಡಿಸಿಕೊಂಡು ತೀರ್ಮಾನಿಸಬೇಕಿಲ್ಲ. ಫೋನ್ ಮಾಡಿ ಇದ್ದದ್ದು ಹೇಳಿದರೆ ಅವರೇ ಹೇಳುತ್ತಾರೆ.

ಅಪಘಾತದಂಥ ಸಾವಾಗಿ ಪೋಸ್ಟ್‌ಮಾರ್ಟಂ ಆಗಬೇಕಿದ್ದರೂ ದಾರಿ ಇದೆ. ಪೊಲೀಸರಿಗೂ ಶವಪರೀಕ್ಷೆ ಮಾಡುವ ವೈದ್ಯರಿಗೂ ಮೊದಲೇ ತಿಳಿಸಬೇಕು.

ಅಂಗದಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಹೇಳಿಬಿಡುತ್ತೇನೆ, ಬಹಳ ಜನ ಎರಡನ್ನೂ ಬೆರೆಸುತ್ತಾರೆ. ಸತ್ತವರ ಹೃದಯ, ಲಿವರ್, ಕಿಡ್ನಿ ಸಿಗುವುದು ಸಾಮಾನ್ಯವಾಗಿ ಆಸ್ಪತ್ರೆಯ ಐಸಿಯುನಲ್ಲಿ ಮಿದುಳು ಸತ್ತಿದೆ ಅಂತ ಘೋಷಿಸಿದಾಗ. 2021ರ ಜೂನಿನಲ್ಲಿ ಬೈಕ್ ಅಪಘಾತವಾಗಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳು ದಾನವಾದದ್ದು ಹಾಗೆ. ನಮ್ಮ ರಾಜ್ಯದಲ್ಲಿ ಆ ಕೆಲಸ ನೋಡುವ ಸಂಸ್ಥೆ ಜೀವಸಾರ್ಥಕತೆ. ಕಣ್ಣಿಗೆ ಅಷ್ಟೆಲ್ಲ ಬೇಡ. ಹೃದಯ ನಿಂತು ಮನೆಯಲ್ಲೇ ತೀರಿಕೊಂಡವರೂ ಕೊಡಬಹುದು.

ಮುಂದಿನ ಜನ್ಮದ ಮಾತು

ಈ ಜನ್ಮದಲ್ಲಿ ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಅನ್ನುವ ಭಯ ಕೆಲವರಿಗೆ ನಿಜವಾಗಿಯೂ ಇದೆ. ಅದನ್ನು ನಗೆಯಾಡಿದರೆ ಆ ಮನೆಯ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ನಮ್ಮ ಎದುರು ಮನೆಯಲ್ಲೂ ಆ ರಾತ್ರಿ ಈ ಮಾತು ಬಂತು. ಅಜ್ಜಿಯ ತಮ್ಮ, ಅವರಿಗೇ ಎಪ್ಪತ್ತೈದು, "ಹೇಗೂ ಸುಡೋದಲ್ವಾ, ದೇಹವೇ ಬೂದಿಯಾಗತ್ತೆ, ಕಣ್ಣು ಎಲ್ಲುಳಿಯತ್ತೆ?" ಅಂದರು. ಅವರ ಬಾಯಿಂದ ಬಂದಿದ್ದಕ್ಕೆ ಎಲ್ಲರೂ ಒಪ್ಪಿದರು. ನಾನು ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಬೌದ್ಧರು ಜಾಸ್ತಿ ಇರುವ ಶ್ರೀಲಂಕಾದಲ್ಲಿ ಕಣ್ಣು ಕೊಡುವುದೇ ಪುಣ್ಯ ಅನ್ನುವ ಭಾವನೆ ಗಟ್ಟಿಯಾಗಿದೆ. ಹಡ್ಸನ್ ಸಿಲ್ವಾ ಅನ್ನುವ ವೈದ್ಯರು 1961ರಲ್ಲಿ ಅಲ್ಲಿ ನೇತ್ರದಾನ ಸಂಘ ಕಟ್ಟಿದರು. ಆ ಪುಟ್ಟ ದ್ವೀಪ ತನಗೆ ಬೇಕಾದಷ್ಟು ಇಟ್ಟುಕೊಂಡು ಬೇರೆ ಬೇರೆ ದೇಶಗಳಿಗೂ ಕಾರ್ನಿಯಾ ಕಳಿಸುತ್ತಾ ಬಂದಿದೆ.

ಹಾಗಾದರೆ ಕಾರ್ಡಿಗೆ ಬೆಲೆ ಇಲ್ವಾ?

ಇದೆ, ಆದರೆ ನಾವು ಅಂದುಕೊಂಡ ಹಾಗಲ್ಲ. ಕಾರ್ಡು ನಿಮ್ಮ ಇಷ್ಟವನ್ನು ಹೇಳುತ್ತದೆ. ಸಾವಾದ ಮೇಲೆ ನೇತ್ರ ಬ್ಯಾಂಕಿನವರು ಮನೆಯವರ ಒಪ್ಪಿಗೆ ಪಡೆದೇ ಮುಂದುವರಿಯುವುದು. ಹಾಗಾಗಿ ಕಾರ್ಡಿದ್ದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ. ಉಲ್ಟಾ ನೋಡಿ, ಕಾರ್ಡೇ ಇಲ್ಲದವರ ಕಣ್ಣನ್ನೂ ಮನೆಯವರು ಒಪ್ಪಿದರೆ ಕೊಡಬಹುದು. ಎದುರು ಮನೆ ಅಜ್ಜಿ ಯಾವ ಫಾರ್ಮೂ ತುಂಬಿರಲಿಲ್ಲ. ಮೊಮ್ಮಗಳ ಹತ್ತಿರ ಒಮ್ಮೆ "ನಂದೂ ಕೊಟ್ಬಿಡಿ" ಅಂದಿದ್ದರಂತೆ, ಅಷ್ಟು ಸಾಕಾಯಿತು.

ಇದಕ್ಕೆಲ್ಲ ಕಾನೂನಿನ ಚೌಕಟ್ಟು 1994ರ ಅಂಗಾಂಗ ಕಸಿ ಕಾಯ್ದೆ. ಅದರ ಪ್ರಕಾರ ಕಣ್ಣನ್ನು ಮಾರುವುದೂ ಕೊಳ್ಳುವುದೂ ಅಪರಾಧ.

ಊರಿನವರು ಏನು ಮಾಡಬಹುದು?

ಪಾಕ್ಷಿಕ ಅಂದರೆ ಸಂಘದವರು ಮೊದಲು ಯೋಚಿಸುವುದು ಎಷ್ಟು ಫಾರ್ಮ್ ತುಂಬಿಸಿದೆವು ಅನ್ನುವುದನ್ನು. ಇಪ್ಪತ್ತೈದು ವರ್ಷದ ಹುಡುಗ ಇವತ್ತು ತುಂಬಿದ ಫಾರ್ಮು, ದೇವರ ದಯೆಯಿಂದ, ಐವತ್ತು ವರ್ಷ ಕಪಾಟಿನಲ್ಲೇ ಇರಲಿ. ಆದರೆ ಈ ವಾರ ಊರಿನಲ್ಲಿ ಒಂದು ಸಾವಾದರೆ ಫೋನ್ ಮಾಡುವವರು ಯಾರು? ಕೆಲಸ ಇರುವುದು ಅಲ್ಲಿ.

ಹಾಗಾಗಿ ಸಾವಿನ ಸುದ್ದಿ ಮೊದಲು ಯಾರಿಗೆ ಮುಟ್ಟುತ್ತದೆ ಅಂತ ಒಂದು ಪಟ್ಟಿ ಮಾಡಿ. ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವವನು. ಶಾಮಿಯಾನದವನು. ಮುಕ್ತಿವಾಹನದ ಡ್ರೈವರ್. ಐನೋರು ಅಥವಾ ಪುರೋಹಿತರು, ಮಸೀದಿಯ, ಚರ್ಚಿನ ಹಿರಿಯರು. ಪಂಚಾಯ್ತಿ ಮೆಂಬರು. "ಭಾವಪೂರ್ಣ ಶ್ರದ್ಧಾಂಜಲಿ" ಫ್ಲೆಕ್ಸ್ ಹಾಕುವ ಅಂಗಡಿಯವನು. ಇವರೆಲ್ಲರ ಫೋನಿನಲ್ಲಿ ಹತ್ತಿರದ ನೇತ್ರ ಬ್ಯಾಂಕಿನ ನಂಬರ್ ಇದ್ದು, "ಕಣ್ಣು ಕೊಡೋ ಯೋಚನೆ ಇದೆಯಾ?" ಅಂತ ಮೆಲ್ಲಗೆ ಒಂದು ಮಾತು ಕೇಳುವ ಅಭ್ಯಾಸ ಆದರೆ ಜಾಥಾಗಿಂತ ಹೆಚ್ಚು ಕೆಲಸ ಆಗುತ್ತದೆ. ಬೀದಿಯ ವಾಟ್ಸಾಪ್ ಗುಂಪಿನಲ್ಲೂ ಸಾವಿನ ಸುದ್ದಿ ಬಿದ್ದ ಐದು ನಿಮಿಷಕ್ಕೆ ನಲವತ್ತು "ಓಂ ಶಾಂತಿ" ಬರುತ್ತವೆ. ಅವುಗಳ ನಡುವೆ ಒಬ್ಬರು ಮನೆಯವರಿಗೆ ಬೇರೆಯಾಗಿ ಒಂದು ಫೋನ್ ಮಾಡಬಹುದು.

ನಂಬರ್ ಬರೆದುಕೊಳ್ಳುವ ಮೊದಲು ನೇತ್ರ ಬ್ಯಾಂಕಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ನಮ್ಮೂರಿನವರೆಗೆ ಬರುತ್ತೀರಾ? ರಾತ್ರಿಯೂ ಬರುತ್ತೀರಾ? ಎಷ್ಟು ಹೊತ್ತಾಗುತ್ತದೆ? ಹಳ್ಳಿಗಳಲ್ಲಿ ಕೆಲಸ ಕೆಡುವುದು ದೂರದಿಂದಲೇ. ನಾಲ್ಕು ಗಂಟೆ ದಾರಿ ಇದ್ದರೆ, ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣು ಸಂಗ್ರಹಿಸಲು ಕಲಿತವರು ಇದ್ದಾರಾ ಅಂತ ವಿಚಾರಿಸಬೇಕು. ಇದನ್ನು ಗ್ರಾಮಸಭೆಯಲ್ಲಿ ಕೇಳಬಹುದು. ರಾತ್ರಿ ಹೊತ್ತಿನಲ್ಲಿ ಸಾವನ್ನು ಖಚಿತಪಡಿಸಿ ಚೀಟಿ ಬರೆದುಕೊಡುವ ವೈದ್ಯರು ಊರಿನಲ್ಲಿ ಯಾರು ಅನ್ನುವುದೂ ಮೊದಲೇ ಗೊತ್ತಿರಲಿ. ಪಂಚಾಯ್ತಿಯಿಂದ ಬರುವ ಮರಣ ಪ್ರಮಾಣಪತ್ರ ಬೇರೆ, ಅದು ಆಮೇಲಿನದು. ಅದಕ್ಕಾಗಿ ಕಾಯುತ್ತಾ ಕೂತು ಸಮಯ ಕಳೆದುಕೊಂಡವರಿದ್ದಾರೆ.

ಮಗ ಅಮೆರಿಕದಲ್ಲೋ ದುಬೈನಲ್ಲೋ ಇದ್ದಾನೆ, ಅವನು ಬರುವವರೆಗೆ ಏನೂ ಬೇಡ ಅನ್ನುವ ಮನೆಗಳು ಈಗ ಪ್ರತಿ ಊರಿನಲ್ಲೂ ಇವೆ. ಕಾರ್ಯಕ್ಕೆ ಕಾಯಬಹುದು, ಕಣ್ಣು ಕಾಯುವುದಿಲ್ಲ. ವಿಡಿಯೋ ಕಾಲಿನಲ್ಲಿ ಅವನನ್ನು ಕೇಳಿ, ಇಲ್ಲಿರುವ ಹತ್ತಿರದವರು ಸಹಿ ಹಾಕಬೇಕಾಗುತ್ತದೆ. ಹೊರಗಿರುವ ಮಕ್ಕಳು ರಜೆಗೆ ಬಂದಾಗಲೇ ಈ ಮಾತು ಆಡಿಟ್ಟರೆ ಒಳ್ಳೆಯದು.

ಗಣೇಶನ ಹಬ್ಬ ಎಷ್ಟೋ ವರ್ಷ ಈ ಹದಿನೈದು ದಿನದಲ್ಲೇ, ಇಲ್ಲವೇ ಅದರ ಆಸುಪಾಸಿನಲ್ಲಿ ಬರುತ್ತದೆ. ಪೆಂಡಾಲಿನಲ್ಲಿ ಮೈಕು ಇರುತ್ತದೆ, ಜನ ಇರುತ್ತಾರೆ. ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಐದು ನಿಮಿಷ ಸಾಕು. ಕಣ್ಣು ಕೊಟ್ಟ ಮನೆಯವರೊಬ್ಬರು ಬಂದು ಆ ರಾತ್ರಿ ಏನಾಯಿತು ಅಂತ ಹೇಳಿದರೆ ಜನ ಕೇಳುತ್ತಾರೆ. ಡೇರಿಗೆ ಹಾಲು ಹಾಕಲು ಸಾಲು ನಿಲ್ಲುವ ಕಡೆ ಗೋಡೆಯ ಮೇಲೆ ನಂಬರ್ ಬರೆಸಿದರೆ ದಿನಾ ಎರಡು ಹೊತ್ತು ಕಣ್ಣಿಗೆ ಬೀಳುತ್ತದೆ.

ಕಣ್ಣು ಹೋಗದ ಹಾಗೆ ನೋಡಿಕೊಳ್ಳುವುದೂ ಪಾಕ್ಷಿಕದ ಕೆಲಸವೇ. ಒಕ್ಕಣೆ ಮಾಡುವವರಿಗೆ, ಕಬ್ಬು ಕಡಿಯುವವರಿಗೆ ಸ್ತ್ರೀಶಕ್ತಿ ಸಂಘದವರೋ ಸೊಸೈಟಿಯವರೋ ಸೇರಿ ಸಾದಾ ಪ್ಲಾಸ್ಟಿಕ್ ಕನ್ನಡಕ ಕೊಡಿಸಬಹುದು. ಕಣ್ಣಿಗೆ ಏನಾದರೂ ಬಿದ್ದರೆ ನೀರಲ್ಲಿ ತೊಳಿ, ಉಜ್ಜಬೇಡ, ಮನೆಮದ್ದು ಬೇಡ ಅನ್ನುವುದನ್ನು ಅಂಗನವಾಡಿಯಲ್ಲಿ ಅಮ್ಮಂದಿರಿಗೆ ಹೇಳಬಹುದು.

ನಮ್ಮ ಮನೆಯಲ್ಲಿ ಅಡುಗೆ ಮನೆ ಬಾಗಿಲ ಹಿಂದೆ ಅಮ್ಮ ನಂಬರುಗಳನ್ನು ಬರೆದಿಡುವ ಒಂದು ರಟ್ಟು ಇದೆ. ಗ್ಯಾಸಿನವನು, ಹಾಲಿನವನು, ಕರೆಂಟ್ ಆಫೀಸು. ಅಜ್ಜಿಯ ಕಾರ್ಯ ಮುಗಿದ ಮಾರನೇ ದಿನ ಅದರ ಕೆಳಗೆ ಮಾರ್ಕರಿನಲ್ಲಿ "ಕಣ್ಣು" ಅಂತ ಬರೆದು ಪಕ್ಕದಲ್ಲಿ ನೇತ್ರ ಬ್ಯಾಂಕಿನ ನಂಬರ್ ಬರೆದರು. ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆಯೇ, "ನಂದೂ ಕೊಡು. ಫ್ಯಾನ್ ಆರ್ಸೋದು ಮರೀಬೇಡ" ಅಂದರು.